ಜಪಾನಿನ ಬ್ಯಾಂಕ್ ಸೀರಿಯಲ್ಲೂ ಟ್ರಾನ್ಸ್‌ಫರ್ ಆರ್ಡರೂ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಕೊರಿಯನ್ ಸೀರಿಯಲ್‌ಗಳ ಬಗ್ಗೆ ಆಗಾಗ ಬರ್ತಾ ಇರತ್ತೆ, ಓದ್ತೀನಿ, ತಕರಾರಿಲ್ಲ, ನಮ್ಮನೇಲೂ ಅದನ್ನ ನೋಡ್ಕೊಂಡು ಅಳೋರಿದಾರೆ. ಆದ್ರೆ ಜಪಾನ್ ಅಂದ ಕೂಡ್ಲೆ ಕಾರ್ಟೂನು, ಬುಲೆಟ್ ಟ್ರೇನು, ಚೆರ್ರಿ ಹೂವು ಇಷ್ಟಕ್ಕೇ ನಿಲ್ಲಿಸಿಬಿಡ್ತೀರಲ್ಲ, ಅದಕ್ಕೇ ಈ ಪತ್ರ. ಉದ್ದ ಆಗ್ಬೋದು, ಕತ್ತರಿ ಆಡಿಸೋದು ನಿಮಗೆ ಬಿಟ್ಟಿದ್ದು.

ನಾನು ಬ್ಯಾಂಕಲ್ಲಿದ್ದು ರಿಟೈರ್ ಆದೋನು, ಸರ್ವೀಸಿನ ಬಹುಪಾಲು ಲೋನ್ ಸೆಕ್ಷನ್ನಲ್ಲೇ ಕಳೀತು. ಯಾವ ಬ್ಯಾಂಕು ಅಂತ ಹೆಸರು ಬೇಡ. ಮಗಳು ಇಂಗ್ಲಿಷ್ ಸಬ್‌ಟೈಟಲ್ ಇರೋ ಜಪಾನೀ ಸೀರಿಯಲ್ ಒಂದನ್ನ ಹಾಕ್ಕೊಟ್ಲು, ಹೆಸರು ಹಂಜಾವಾ ನಾವೊಕಿ, ಹೀರೋ ಹೆಸರೂ ಅದೇನೇ. ಜಪಾನಿನ ಟಿಬಿಎಸ್ ಚಾನೆಲ್ಲಲ್ಲಿ 2013ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಭಾನುವಾರ ರಾತ್ರಿ 9 ಗಂಟೆಗೆ ಬರ್ತಿತ್ತು, ಒಟ್ಟು ಹತ್ತೇ ಎಪಿಸೋಡು. ನಮ್ ಕಡೆ ಹತ್ತು ಎಪಿಸೋಡಲ್ಲಿ ಸೊಸೆ ಕಾಫಿ ಲೋಟ ಅಡುಗೆಮನೆಯಿಂದ ಹಾಲಿಗೆ ತಂದಿರಲ್ಲ, ಅದಿರ್ಲಿ. ಮೊದಲನೇ ಎಪಿಸೋಡನ್ನ ಟೋಕಿಯೋ ಸುತ್ತಮುತ್ತಲ ಕಾಂತೋ ಏರಿಯಾದಲ್ಲಿ ನೋಡಿದ್ದು ಶೇ 19.4ರಷ್ಟು ಮನೆಗಳು, ಕೊನೇದಕ್ಕೆ ಬರೋ ಹೊತ್ತಿಗೆ ಅದು ಶೇ 42.2, ಒಸಾಕಾ ಕಡೆ ಶೇ 45.5. ಅಂದ್ರೆ ಟೀವಿ ಇರೋ ಹತ್ತು ಮನೇಲಿ ನಾಲ್ಕು ಮನೇಲಿ ಇದೇ ಓಡ್ತಿತ್ತು ಅಂತ. ಏನು ವಿಷಯ? ಪ್ರೀತಿ ಇಲ್ಲ, ಕೊಲೆ ಇಲ್ಲ, ದೆವ್ವ ಇಲ್ಲ. ಬ್ಯಾಂಕು ಕೊಟ್ಟ ಸಾಲ ವಾಪಸ್ ಬರತ್ತೋ ಇಲ್ವೋ, ಬರದೇ ಇದ್ರೆ ಯಾರ ತಲೆಗೆ ಕಟ್ಟೋದು, ಇಷ್ಟೇ.

ಇದರ ಬಗ್ಗೆ ಗೊತ್ತಿರೋರು ಯಾರನ್ನ ಕೇಳಿದ್ರೂ ಹೇಳೋದು ಒಂದೇ ಮಾತು, ಹೀರೋ ಕಣ್ಣು ಕೆಂಪಗೆ ಮಾಡ್ಕೊಂಡು 'ಕೊಟ್ಟಿದ್ದನ್ನ ಎರಡರಷ್ಟು ವಾಪಸ್ ಕೊಡ್ತೀನಿ' ಅಂತಾನಲ್ಲ ಅದು. ಆ ಡೈಲಾಗು ಆ ವರ್ಷ ಜಪಾನಲ್ಲಿ ಮನೆಮಾತಾಗಿ, ವರ್ಷದ ಜನಪ್ರಿಯ ಮಾತುಗಳಿಗೆ ಕೊಡೋ ಪ್ರಶಸ್ತೀನೂ ತಗೊಂಡಿತು. ಸರಿ, ಕೇಳೋಕೆ ಮಜವಾಗೇ ಇದೆ, ಆಫೀಸಲ್ಲಿ ಬೈಸ್ಕೊಂಡು ಬಂದೋನಿಗೆ ಭಾನುವಾರ ರಾತ್ರಿ ಅದು ಬೇಕಾಗಿರತ್ತೆ, ಬೆಳಗಾದ್ರೆ ಸೋಮವಾರ ತಾನೇ. ಆದ್ರೆ ಬ್ಯಾಂಕಲ್ಲಿ ಇದ್ದು ಬಂದೋನ ಕಣ್ಣಿಗೆ ಈ ಸೀರಿಯಲ್ಲಿನ ಜೀವ ಆ ಡೈಲಾಗಲ್ಲಿಲ್ಲ. ಪರ್ಸನೆಲ್ ಡಿಪಾರ್ಟ್‌ಮೆಂಟಿಂದ ಬರೋ ಒಂದು ಕಾಗದದಲ್ಲಿದೆ. ಯಾರು ಎಲ್ಲಿಗೆ, ಯಾವ ಹುದ್ದೆಗೆ, ವಾಪಸ್ ಬರ್ತಾನೋ ಇಲ್ವೋ. ಇಡೀ ಕತೇಲಿ ಜನ ಹೆದರೋದೂ ಅದಕ್ಕೇ, ಮಾರಿಕೊಳ್ಳೋದೂ ಅದಕ್ಕೇ, ಹೀರೋ ಕೂಡ ಗೆದ್ದಾಗ ಕೇಳೋದು ಅದನ್ನೇ. ಇದನ್ನ ಬರೆದಿರೋರು ಯಾರೂ ಸಿಗ್ಲಿಲ್ಲ ನನಗೆ, ಅದಕ್ಕೆ ನಾನೇ ಬರೀತಿದೀನಿ.

ಕತೆ ಶುರುವಾಗೋದು ಒಸಾಕಾದ ಒಂದು ಬ್ರಾಂಚಲ್ಲಿ. ಟೋಕಿಯೋ ಚುವೋ ಬ್ಯಾಂಕ್ ಅಂತ ಒಂದು ಕಾಲ್ಪನಿಕ ಬ್ಯಾಂಕು, ಅದರ ಒಸಾಕಾ ಪಶ್ಚಿಮ ಶಾಖೇಲಿ ಹಂಜಾವಾ ಲೋನ್ ಸೆಕ್ಷನ್ ಹೆಡ್ಡು. ಬ್ರಾಂಚ್ ಮ್ಯಾನೇಜರ್ ಅಸಾನೋ ಅಂತ ಒಬ್ಬ, ಅವನಿಗೆ ಟಾರ್ಗೆಟ್ ಮುಟ್ಟಬೇಕು, ಅತ್ಯುತ್ತಮ ಶಾಖೆ ಅಂತ ಅನ್ನಿಸ್ಕೋಬೇಕು, ಆಮೇಲೆ ಮೇಲಕ್ಕೆ ಹೋಗಬೇಕು. ನಿಶಿ ಒಸಾಕಾ ಸ್ಟೀಲ್ ಅನ್ನೋ ಕಂಪನಿಗೆ 50 ಕೋಟಿ ಯೆನ್ ಸಾಲ, ಆಗಿನ ರೇಟಲ್ಲಿ ಸುಮಾರು 30 ಕೋಟಿ ರೂಪಾಯಿ ಅನ್ಕೊಳಿ, ಸೆಕ್ಯುರಿಟಿ ಏನೂ ಇಲ್ಲ, ಹೊಸ ಗಿರಾಕಿ ಬೇರೆ. ಫೈಲನ್ನ ಅನುಭವ ಇಲ್ಲದ ಚಿಕ್ಕ ಹುಡುಗನ ಕೈಗೆ ಕೊಡ್ತಾನೆ, ರಾತ್ರೋರಾತ್ರಿ ಪೇಪರ್ ರೆಡಿ ಮಾಡಿಸ್ತಾನೆ, ಹಂಜಾವಾಗೆ ಬ್ಯಾಲೆನ್ಸ್ ಶೀಟ್ ಸರಿಯಾಗಿ ತಿರುವಿ ನೋಡೋಕೂ ಟೈಮ್ ಕೊಡದೆ ಹೆಡ್ ಆಫೀಸಿಗೆ ಕಳಿಸಿಬಿಡ್ತಾನೆ. ಏನಾದ್ರೂ ಆದ್ರೆ ಜವಾಬ್ದಾರಿ ನಂದು ಅಂತ ಬಾಯಲ್ಲಿ ಹೇಳ್ತಾನೆ. ಬಾಯಲ್ಲಿ! ಬ್ಯಾಂಕಲ್ಲಿ ಕೆಲಸ ಮಾಡಿದ ಯಾರನ್ನಾದ್ರೂ ಕೇಳಿ, ಮೇಲಿನೋರು ಬಾಯಲ್ಲಿ ಹೇಳಿದ್ದಕ್ಕೂ ಫೈಲಲ್ಲಿ ಇರೋ ಸಹಿಗೂ ಎಷ್ಟು ದೂರ ಅಂತ. ಸ್ವಲ್ಪ ದಿನಕ್ಕೆ ಕಂಪನಿ ಮುಳುಗತ್ತೆ, ಲೆಕ್ಕ ಎಲ್ಲಾ ಸುಳ್ಳು, ಲಾಭ ಇಲ್ಲದ್ದನ್ನ ಲಾಭ ಅಂತ ತೋರಿಸಿದ್ರು ಅನ್ನೋದು ಹೊರಗೆ ಬರತ್ತೆ, ಮ್ಯಾನೇಜರು ಮೆಲ್ಲಗೆ ಪಕ್ಕಕ್ಕೆ ಸರಿದು ಹಂಜಾವಾ ಸರಿಯಾಗಿ ನೋಡ್ಲಿಲ್ಲ ಅಂತಾನೆ.

ಈ ಭಾಗ ನೋಡ್ತಾ ನೋಡ್ತಾ ನನಗೆ ಕೂತಲ್ಲಿ ಕೂರಕ್ಕಾಗ್ಲಿಲ್ಲ. ನಮ್ಮಲ್ಲಿ ಸ್ಟಾಫ್ ಅಕೌಂಟಬಿಲಿಟಿ ಅಂತಾರೆ. ಅಕೌಂಟು ಎನ್‌ಪಿಎ ಆಯ್ತು, ಅಂದ್ರೆ ಸಾಲ ವಾಪಸ್ ಬರ್ತಿಲ್ಲ ಅಂತಾಯ್ತು ಅಂದ್ರೆ ಯಾರು ರೆಕಮೆಂಡ್ ಮಾಡಿದ್ದು, ಯಾರು ಇನ್‌ಸ್ಪೆಕ್ಷನ್ ಮಾಡಿದ್ದು, ಯಾರ ಸಹಿ ಇದೆ ಅಂತ ಕೆಳಗಿಂದ ಹುಡುಕ್ಕೊಂಡು ಬರ್ತಾರೆ, ಮೇಲಿಂದ ಶುರು ಮಾಡಿದ್ದು ನಾನಂತೂ ಕಂಡಿಲ್ಲ. ಫೋನ್ ಮಾಡಿ 'ಪಾರ್ಟಿ ನಮ್ಮೋರೇ, ಬೇಗ ಮಾಡ್ಕೊಡಿ' ಅಂದೋರ ಸಹಿ ಯಾವ ಕಾಗದದಲ್ಲೂ ಇರಲ್ಲ. ನನ್ನ ಜೊತೆ ಕೆಲಸ ಮಾಡ್ತಿದ್ದ ಒಳ್ಳೇ ಆಫೀಸರ್ ಒಬ್ರು ರಿಟೈರ್ಮೆಂಟ್ ಹತ್ರ ಬಂದಾಗ ಹೀಗೇ ಒಂದು ಹಳೇ ಲೋನಿಗೆ ಚಾರ್ಜ್ ಶೀಟ್ ತಗೊಂಡ್ರು, ಆ ಲೋನ್ ಮಾಡಿ ಅಂದಿದ್ದೋರು ಅಷ್ಟೊತ್ತಿಗೆ ಇನ್ನೂ ಮೇಲೆ ಹೋಗಿ ಕೂತಿದ್ರು. ಹಾಗಾಗಿ ಒಸಾಕಾದ ಆ ಬ್ರಾಂಚಿನ ಕತೆ ನನಗೆ ಸಬ್‌ಟೈಟಲ್ ಇಲ್ದೇನೂ ಅರ್ಥ ಆಗ್ತಿತ್ತು ಅನ್ನಿ.

ಮುಂದಿಂದು ಪತ್ತೇದಾರಿ ಥರ ಹೋಗತ್ತೆ. ಕಂಪನಿ ಮುಳುಗಿದ್ದೂ ಮೊದಲೇ ಪ್ಲಾನ್ ಮಾಡಿದ್ದು, ಮಾಲೀಕ ಹಿಗಾಶಿದಾ ದುಡ್ಡನ್ನ ಬೇರೆ ಕಡೆ ಬಚ್ಚಿಟ್ಟಿದಾನೆ, ಬ್ರಾಂಚ್ ಮ್ಯಾನೇಜರೂ ಅವನೂ ಸ್ಕೂಲಲ್ಲಿ ಒಟ್ಟಿಗೆ ಓದಿದೋರು, ಮ್ಯಾನೇಜರ್ ಕೈಗೆ 5 ಕೋಟಿ ಯೆನ್ ಬಂದಿದೆ ಅನ್ನೋದಕ್ಕೆ ಪಾಸ್‌ಬುಕ್ಕೇ ಸಾಕ್ಷಿ. ಅದೇ ದುಡ್ಡಿನ ಹಿಂದೆ ಇನ್‌ಕಮ್ ಟ್ಯಾಕ್ಸ್‌ನೋರೂ ಬಿದ್ದಿರ್ತಾರೆ, ಯಾರು ಮೊದಲು ಹಿಡೀತಾರೆ ಅಂತ ಪೈಪೋಟಿ. ಹಂಜಾವಾಗೆ ಸಹಾಯ ಮಾಡೋದು ಯಾರು ಅಂದ್ರೆ ಆ ಸ್ಟೀಲ್ ಕಂಪನಿಗೆ ಮಾಲು ಕೊಟ್ಟು ದುಡ್ಡು ಬರದೆ ತಾನೂ ಮುಳುಗಿಹೋದ ಒಬ್ಬ ಸಣ್ಣ ಫ್ಯಾಕ್ಟರಿ ಮಾಲೀಕ. ಬರೆದೋನಿಗೆ ಒಳಗಿನ ವಿಷಯ ಗೊತ್ತು ಅಂತ ತಿಳಿಯೋದು ಇಲ್ಲೇ, ದೊಡ್ಡ ಅಕೌಂಟ್ ಒಂದು ಮುಳುಗಿದ್ರೆ ಅದರ ಹಿಂದೆ ಸಣ್ಣೋರು ಎಷ್ಟು ಜನ ಮುಳುಗ್ತಾರೆ ಅನ್ನೋದು ಬ್ಯಾಂಕಿನ ಫೈಲಲ್ಲಿ ಇರಲ್ಲ. ಮೂಲ ಕಾದಂಬರಿಗಳನ್ನ ಬರೆದ ಇಕೇಯಿದೊ ಜುನ್ 1988ರಲ್ಲಿ ಮಿತ್ಸುಬಿಶಿ ಬ್ಯಾಂಕ್ ಸೇರಿ 1995ರಲ್ಲಿ ಬಿಟ್ಟೋರು. 1988 ಅಂದ್ರೆ ಜಪಾನಲ್ಲಿ ಜಮೀನು ರೇಟು ಷೇರು ರೇಟು ಎರಡೂ ಆಕಾಶಕ್ಕೇರಿದ್ದ ಕಾಲ, 1989ರ ಡಿಸೆಂಬರ್ ಕೊನೇಲಿ ನಿಕ್ಕೈ ಸೂಚ್ಯಂಕ 38,915 ಮುಟ್ಟಿ ಆಮೇಲೆ ಬಿತ್ತು ನೋಡಿ, ಮೂವತ್ತು ವರ್ಷ ದಾಟಿದ್ರೂ ಆ ಎತ್ತರಕ್ಕೆ ವಾಪಸ್ ಹೋಗ್ಲಿಲ್ಲ, 2024ರಲ್ಲಿ ಮಾತ್ರ ದಾಟಿತು. ಆ ಮನುಷ್ಯ ಬ್ಯಾಂಕಲ್ಲಿದ್ದಿದ್ದು ಸರಿಯಾಗಿ ಏರೋದನ್ನೂ ಬೀಳೋದನ್ನೂ ನೋಡೋ ಹೊತ್ತಲ್ಲಿ.

ಸರಿ, ಸಾಲ ವಸೂಲಾಯ್ತು, ಮ್ಯಾನೇಜರ್ ಸಿಕ್ಕಿಬಿದ್ದ. ಈಗ ಹೀರೋ ಏನು ಮಾಡ್ಬೇಕು? ನಮ್ಮ ಸಿನಿಮಾ ಆಗಿದ್ರೆ ಪೊಲೀಸ್ ಜೀಪ್ ಬರ್ತಿತ್ತು. ಇಲ್ಲಿ ಹಂಜಾವಾ ಕಂಪ್ಲೇಂಟ್ ಕೊಡಲ್ಲ ಅಂತಾನೆ, ಅದರ ಬದಲಿಗೆ ನನ್ನನ್ನ ಟೋಕಿಯೋ ಹೆಡ್ ಆಫೀಸಿನ ದೊಡ್ಡ ಡಿಪಾರ್ಟ್‌ಮೆಂಟಿಗೆ ಹಾಕಿಸ್ಬೇಕು, ನನ್ನ ಕೆಳಗಿನ ಹುಡುಗರಿಗೂ ಅವರವರು ಕೇಳಿದ ಜಾಗ ಕೊಡಿಸ್ಬೇಕು ಅಂತ ಷರತ್ತು ಹಾಕ್ತಾನೆ. ನನ್ನ ಮಗಳಿಗೆ ಇದು ಸರಿ ಕಾಣ್ಲಿಲ್ಲ, ಇದು ಬ್ಲ್ಯಾಕ್‌ಮೇಲ್ ಅಲ್ವಾ ಅಂದ್ಲು. ಹೌದು, ಬ್ಲ್ಯಾಕ್‌ಮೇಲೇ. ಆದ್ರೆ ಕೇಳಿದ್ದು ದುಡ್ಡಲ್ಲ ನೋಡಿ, ಪೋಸ್ಟಿಂಗು! ಆ ಮನೆಯೊಳಗೆ ಓಡೋ ನಾಣ್ಯ ಅದೊಂದೇ ಅಂತ ಗೊತ್ತಿರೋನು ಮಾತ್ರ ಹೀಗೆ ಬರೀಬಲ್ಲ.

ಇಲ್ಲಿ ಜಪಾನಿನ ಒಂದು ಪದ್ಧತಿ ಹೇಳ್ಬೇಕು, ಇಲ್ದಿದ್ರೆ ಕತೆ ಅರ್ಧ ಅರ್ಥ ಆಗಲ್ಲ. ಅಲ್ಲಿನ ದೊಡ್ಡ ಬ್ಯಾಂಕುಗಳಲ್ಲಿ ಕಾಲೇಜು ಮುಗಿಸಿ ಒಂದೇ ವರ್ಷ ಸೇರಿದೋರದ್ದು ಒಂದು ಬ್ಯಾಚು, ಎಲ್ರೂ ಒಟ್ಟಿಗೆ ಮೇಲೆ ಹತ್ತೋದು, ಆದ್ರೆ ಮೇಲೆ ಹೋದಷ್ಟೂ ಕುರ್ಚಿ ಕಮ್ಮಿ. ಐವತ್ತರ ಆಸುಪಾಸಿಗೆ ಬಹಳಷ್ಟು ಜನರನ್ನ ಬ್ಯಾಂಕಿನ ಸಣ್ಣ ಅಂಗಸಂಸ್ಥೆಗಳಿಗೋ, ಸಾಲ ತಗೊಂಡಿರೋ ಗಿರಾಕಿ ಕಂಪನಿಗಳಿಗೋ ಕಳಿಸಿಬಿಡ್ತಾರೆ. ಇದಕ್ಕೆ ಶುಕ್ಕೋ ಅಂತ ಹೆಸರು. ಕೆಲವರು ವಾಪಸ್ ಬರ್ತಾರೆ, ಬಹಳ ಜನಕ್ಕೆ ಅದು ಒನ್ ವೇ ಟಿಕೆಟ್ಟು. ಕೆಲಸದಿಂದ ತೆಗೆಯಲ್ಲ, ಹೊಟ್ಟೆಗೇನೂ ಮೋಸ ಇಲ್ಲ, ಆದ್ರೆ ಬ್ಯಾಂಕಿನವನು ಅನ್ನೋ ಗುರುತು ಹೋಯ್ತು. ಜೀವಮಾನವಿಡೀ ಒಂದೇ ಕಡೆ ಕೆಲಸ ಮಾಡೋ ಪದ್ಧತಿ ಇರೋ ದೇಶದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ಸೀರಿಯಲ್ಲಲ್ಲಿ ಒಬ್ಬೊಬ್ಬರೂ ಶುಕ್ಕೋ ಅನ್ನೋ ಮಾತು ಕೇಳಿದ ತಕ್ಷಣ ಮುಖ ಬಿಳುಚಿಕೊಳ್ತಾರಲ್ಲ, ಅದು ಓವರ್ ಆಕ್ಟಿಂಗ್ ಅಲ್ಲ.

ಹಂಜಾವಾನ ಬ್ಯಾಚ್‌ಮೇಟ್ ಒಬ್ಬ ಇದಾನೆ, ಕೊಂದೋ ಅಂತ. ನನ್ನ ಪ್ರಕಾರ ಇಡೀ ಸೀರಿಯಲ್ಲಿನ ನಿಜವಾದ ಪಾತ್ರ ಅವನೇ, ತಾಕಿತೊ ಕೆನಿಚಿ ಅನ್ನೋ ನಟ ಮಾಡಿದಾರೆ, ಕೃಶವಾದ ಮುಖ, ಹೆದರಿದ ಕಣ್ಣು. ಹಿಂದೆ ಮೇಲಧಿಕಾರಿ ಕಾಟಕ್ಕೆ ಮನಸ್ಸಿನ ಆರೋಗ್ಯ ಕೆಟ್ಟು ರಜೆ ಹಾಕಿದ್ದೋನು, ಹಾಗಾಗಿ ಐವತ್ತಾಗೋಕೆ ಎಷ್ಟೋ ಮುಂಚೇನೇ ತಾಮಿಯಾ ಎಲೆಕ್ಟ್ರಿಕ್ ಅನ್ನೋ ಸಣ್ಣ ಕಂಪನಿಗೆ ಶುಕ್ಕೋ. ಅಲ್ಲಿ ಇವನನ್ನ ಬ್ಯಾಂಕಿನವನು ಅಂತ ಹೊರಗಿನೋನ ಥರ ನೋಡ್ತಾರೆ, ಬ್ಯಾಂಕಿಗೆ ಹೋದ್ರೆ ಗಿರಾಕಿ ಅಂತ ಕಾಯಿಸ್ತಾರೆ, ಎರಡೂ ಕಡೆ ಇಲ್ಲ. ಆದ್ರೂ ಕಷ್ಟಪಟ್ಟು ಲೆಕ್ಕ ತೆಗೆದು ಒಂದು ವಿಷಯ ಕಂಡುಹಿಡೀತಾನೆ, ಬ್ಯಾಂಕಿಂದ ಆ ಕಂಪನಿಗೆ ಬಂದ ಸಾಲದಲ್ಲಿ 3 ಕೋಟಿ ಯೆನ್ ಅಲ್ಲಿಂದ ಮುಂದೆ ಒಂದು ಬಟ್ಟೆ ಕಂಪನಿಗೆ ಹೋಗಿದೆ, ಆ ಬಟ್ಟೆ ಕಂಪನಿ ನಡೆಸ್ತಿರೋದು ಬ್ಯಾಂಕಿನ ಡೈರೆಕ್ಟರ್ ಓವಾದಾನ ಹೆಂಡತಿ. ಇದನ್ನ ಬರೆದು ಹಂಜಾವಾಗೆ ಕೊಟ್ರೆ ಓವಾದಾ ಕತೆ ಮುಗೀತು. ಓವಾದಾ ಏನು ಮಾಡ್ತಾನೆ, ಕೊಂದೋನ ಕರೆಸಿ, ನಿನ್ನನ್ನ ಬ್ಯಾಂಕಿಗೆ ವಾಪಸ್ ಕರೆಸ್ಕೊಳ್ತೀನಿ, ಆ ರಿಪೋರ್ಟ್ ಮರೆತುಬಿಡು ಅಂತಾನೆ. ಕೊಂದೋ ಒಪ್ಕೊಂಡುಬಿಡ್ತಾನೆ.

ನಾನು ಇಲ್ಲಿ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಗೆಳೆಯನಿಗೆ ದ್ರೋಹ ಬಗೆದ ಅಂತ ಬೈಯೋದು ಸುಲಭ. ಹಂಜಾವಾ ಬೈಯಲ್ಲ. ಕೊಂದೋಗೆ ಹೆಂಡತಿ ಇದಾಳೆ, ಮಗು ಇದೆ, ಬ್ಯಾಂಕಿಗೆ ವಾಪಸ್ ಹೋಗೋದು ಅವನ ಕನಸು, ನಾನಾಗಿದ್ರೂ ಹಾಗೇ ಮಾಡ್ತಿದ್ನೇನೋ ಅನ್ನೋ ಥರ ಸಮಾಧಾನ ಹೇಳ್ತಾನೆ. ಎಲ್ರಿಗೂ ಎರಡರಷ್ಟು ವಾಪಸ್ ಕೊಡ್ತೀನಿ ಅಂತ ಕೂಗಾಡೋ ಮನುಷ್ಯ ಇಲ್ಲಿ ಒಂದು ಕಾಸೂ ವಾಪಸ್ ಕೇಳಲ್ಲ. ಯಾಕಂದ್ರೆ ಟ್ರಾನ್ಸ್‌ಫರ್ ಆರ್ಡರ್ ಮುಂದೆ ಮನುಷ್ಯ ಎಷ್ಟು ಸಣ್ಣವನಾಗ್ತಾನೆ ಅಂತ ಅವನಿಗೆ ಗೊತ್ತು. ನಮ್ಮ ಬ್ಯಾಂಕುಗಳಲ್ಲೂ ಆಫೀಸರ್ ಆದ ಮೇಲೆ ದೇಶದ ಯಾವ ಮೂಲೆಗೆ ಬೇಕಾದ್ರೂ ಹಾಕ್ಬೋದು, ಪ್ರಮೋಷನ್ ಬಂತು ಅಂದ್ರೆ ಬಿಹಾರಕ್ಕೋ ಅಸ್ಸಾಮಿಗೋ ಹೊರಡಬೇಕು ಅಂತ, ಅಪ್ಪ ಅಮ್ಮನ್ನ ನೋಡ್ಕೊಳೋರಿಲ್ಲ ಮಕ್ಕಳ ಸ್ಕೂಲು ಹಾಳಾಗತ್ತೆ ಅಂತ, ಪ್ರಮೋಷನ್ನೇ ಬೇಡ ಅಂತ ಬರ್ಕೊಟ್ಟು ಕ್ಲರ್ಕಾಗೇ ರಿಟೈರ್ ಆದ ಜಾಣರು ಎಷ್ಟು ಜನ ಇದಾರೆ ಗೊತ್ತಾ. ಅವರಲ್ಲಿ ಕೆಲವರಿಗೆ ನಮ್ಮ ಮ್ಯಾನೇಜರುಗಳಿಗಿಂತ ಚೆನ್ನಾಗಿ ಬ್ಯಾಲೆನ್ಸ್ ಶೀಟ್ ಓದೋಕೆ ಬರ್ತಿತ್ತು.

ಇನ್ನೊಂದು ವಿಷಯ, ಇದು ಕರ್ನಾಟಕದೋರಿಗೆ ಸೀದಾ ತಾಗೋದು. ಆ ಟೋಕಿಯೋ ಚುವೋ ಬ್ಯಾಂಕು ಹುಟ್ಟಿದ್ದೇ ಎರಡು ಬ್ಯಾಂಕು ಸೇರಿ, ಒಂದು ಸಾಂಗ್ಯೊ ಚುವೋ, ಇನ್ನೊಂದು ಟೋಕಿಯೋ ದಾಯಿಇಚಿ. ಸೇರಿ ವರ್ಷಗಳಾದ್ರೂ ಒಳಗೆ ನೀನು ಯಾವ ಕಡೆಯೋನು ಅನ್ನೋದು ಹೋಗಿಲ್ಲ, ಯಾರನ್ನ ಯಾವ ಕುರ್ಚೀಲಿ ಕೂರಿಸ್ಬೇಕು ಅನ್ನೋದ್ರಲ್ಲೂ ಅದೇ, ತಪ್ಪು ಮುಚ್ಚಿಡೋದ್ರಲ್ಲೂ ಅದೇ. ಅಧ್ಯಕ್ಷ ನಕಾನೊವತಾರಿ, ಕಿತಾಓಜಿ ಕಿನ್ಯಾ ಅನ್ನೋ ಹಿರಿಯ ನಟ ಮಾಡಿರೋದು, ಅವರ ಜೀವನವೆಲ್ಲಾ ಈ ಎರಡು ಗುಂಪನ್ನ ತಕ್ಕಡೀಲಿ ಇಟ್ಟು ತೂಗೋದ್ರಲ್ಲೇ ಹೋಗತ್ತೆ. ಜಪಾನಲ್ಲಿ ಇದು ಕಟ್ಟುಕತೆ ಅಲ್ಲ. 80ರ ದಶಕದ ಕೊನೇಲಿ ಅಲ್ಲಿ 13 ಸಿಟಿ ಬ್ಯಾಂಕುಗಳಿದ್ವು, ಅಂದ್ರೆ ದೊಡ್ಡ ಊರುಗಳಲ್ಲಿ ನೆಲೆ ಇರೋ ದೊಡ್ಡ ಬ್ಯಾಂಕುಗಳು. 1997ರ ನವೆಂಬರಲ್ಲಿ ಅವುಗಳಲ್ಲೇ ಒಂದಾದ ಹೊಕ್ಕೈದೊ ತಕುಶೊಕು ಬ್ಯಾಂಕು ಮುಳುಗಿತು, ಅದೇ ತಿಂಗಳು ಯಮಾಯಿಚಿ ಸೆಕ್ಯುರಿಟೀಸ್ ಅನ್ನೋ ದೊಡ್ಡ ಷೇರು ವ್ಯವಹಾರದ ಕಂಪನಿ ಕೂಡ. ಉಳಿದವು ಒಂದಕ್ಕೊಂದು ಆತುಕೊಂಡು ಸೇರ್ತಾ ಸೇರ್ತಾ ಈಗ ದೊಡ್ಡದು ಅನ್ನೋದು ಮೂರು, ಮಿತ್ಸುಬಿಶಿ ಯುಎಫ್‌ಜೆ, ಸುಮಿತೊಮೊ ಮಿತ್ಸುಯಿ, ಮಿಜುಹೊ. ಈ ಮಿಜುಹೊ ಮೂರು ಬ್ಯಾಂಕು ಸೇರಿ ಆಗಿದ್ದು, ಮೂರಕ್ಕೂ ಬೇರೆ ಬೇರೆ ಕಂಪನಿಯ ಕಂಪ್ಯೂಟರ್ ಸಿಸ್ಟಮ್ಮು, ಯಾರದ್ದನ್ನ ಇಟ್ಕೊಳ್ಳೋದು ಅಂತ ಜಗ್ಗಾಟ ಆಗಿ, ಕೊನೆಗೆ 2002ರ ಏಪ್ರಿಲ್ 1ಕ್ಕೆ ಹೊಸ ಹೆಸರಲ್ಲಿ ಬಾಗಿಲು ತೆಗೆದ ದಿನಾನೇ ಎಟಿಎಮ್ಮು ಕೈಕೊಟ್ಟು ದೇಶಕ್ಕೆಲ್ಲ ಸುದ್ದಿಯಾಯ್ತು. ಪೂರ್ತಿ ಒಂದೇ ಸಿಸ್ಟಮ್ಮಿಗೆ ಬಂದಿದ್ದು 2019ರಲ್ಲಿ!

ನಮಗೂ ಏಪ್ರಿಲ್ 1ಕ್ಕೂ ಏನೋ ನಂಟು. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಹೋಯ್ತು, ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟು ಕೆನರಾಕ್ಕೆ ಮತ್ತೆ ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್ 1ಕ್ಕೆ. ಬೋರ್ಡು ಬದಲಾಗಿದ್ದನ್ನ ಪೇಪರಿನವರು ಫೋಟೋ ಹಾಕಿ ಬರೆದ್ರಿ, ಕಣ್ಣೀರು ಹಾಕಿದ ಹಳೇ ಗಿರಾಕಿಗಳ ಬಗ್ಗೆನೂ ಬರೆದ್ರಿ. ಆದ್ರೆ ಒಳಗೆ ಹೋದ ಸಾವಿರಾರು ಜನ ನೌಕರರು ಹೊಸ ಮನೇಲಿ ಹೇಗಿದಾರೆ, ಸೀನಿಯಾರಿಟಿ ಲಿಸ್ಟಲ್ಲಿ ಎಲ್ಲಿದಾರೆ, ಊಟದ ಟೇಬಲ್ಲಲ್ಲಿ ಯಾರ ಜೊತೆ ಕೂರ್ತಾರೆ ಅಂತ ಯಾರೂ ಕೇಳ್ಲಿಲ್ಲ. ನನಗೆ ಪರಿಚಯದ ಒಬ್ರು, ಸೇರಿ ಎಷ್ಟೋ ಕಾಲ ಆದ ಮೇಲೂ ಫೋನಲ್ಲಿ ಮಾತಾಡೋವಾಗ 'ನಮ್ಮ ಬ್ಯಾಂಕಲ್ಲಿ ಹೀಗಿತ್ತು, ಇವರ ಬ್ಯಾಂಕಲ್ಲಿ ಹಾಗೆ' ಅಂತಾನೇ ಅಂತಿದ್ರು, ಸಂಬಳ ಕೊಡ್ತಿರೋದು 'ಇವರೇ' ಅಂತ ಅವರಿಗೂ ಗೊತ್ತಿತ್ತು.

ಹೊಗಳಿದ್ದೇ ಆಯ್ತು, ಬೈಯೋದೂ ಇದೆ. ಮೊದಲನೇದು ಕೂಗಾಟ. ಆಫೀಸಲ್ಲಿ ಯಾರೂ ಅಷ್ಟು ಕೂಗಲ್ಲ, ಕಣ್ಣನ್ನ ಹಾಗೆ ಮೇಲೆ ಕೆಳಗೆ ಮಾಡಲ್ಲ, ಕ್ಯಾಮೆರಾ ಬಂದು ಮೂಗಿನ ತುದೀಲೇ ನಿಂತಿರತ್ತೆ. ನಿರ್ದೇಶಕ ಫುಕುಜಾವಾ ಕತ್ಸುಓ ಬೇಕಂತಲೇ ಹಾಗೆ ತೆಗೆದಿದಾರೆ ಅಂತ ಆಮೇಲೆ ಅರ್ಥ ಆಯ್ತು. ಓವಾದಾ ಮಾಡಿರೋ ಕಗಾವಾ ತೆರುಯುಕಿ 2012ರಿಂದ ಕಬುಕಿ ಅನ್ನೋ ಜಪಾನಿನ ಸಾಂಪ್ರದಾಯಿಕ ರಂಗಭೂಮಿಯಲ್ಲೂ ಇರೋರು, ಬ್ಯಾಂಕು ತಪಾಸಣೆಗೆ ಬರೋ ಸರ್ಕಾರಿ ಇನ್‌ಸ್ಪೆಕ್ಟರ್ ಕುರೊಸಾಕಿ ಮಾಡಿರೋ ಕತಾಓಕಾ ಐನೊಸುಕೆ ಅಂತೂ ಕಬುಕಿಯೋರೇ, 2020ರಲ್ಲಿ ಬಂದ ಎರಡನೇ ಭಾಗದಲ್ಲಿ ಇನ್ನೂ ಇಬ್ಬರು ಕಬುಕಿ ಕಲಾವಿದರನ್ನ ತಂದ್ರು. ನಾನು ಸಾಗರದ ಕಡೆಯೋನು, ಯಕ್ಷಗಾನದಲ್ಲಿ ಬಣ್ಣದ ವೇಷ ಬಂದಾಗ ಇಷ್ಟು ಯಾಕೆ ಅಬ್ಬರಿಸ್ತಾನೆ ಅಂತ ಯಾರೂ ಕೇಳಲ್ಲ, ಹಾಗೆ ನೋಡಿದ್ರೆ ಬೋರ್ಡ್ ಮೀಟಿಂಗಲ್ಲಿ ಓವಾದಾ ನೆಲಕ್ಕೆ ಮಂಡಿ ಊರೋಕೆ ತಗೊಳೋ ಆ ಟೈಮು, ಒಂದೊಂದೇ ಗೆಣ್ಣು ಬಗ್ಗಿಸೋದು, ಮೈಯೆಲ್ಲ ನಡುಗೋದು, ಹಲ್ಲು ಕಚ್ಚೋದು ಎಲ್ಲಾ ತೂಕವಾಗೇ ಇದೆ. ಆದ್ರೂ ಎರಡನೇ ಭಾಗದಲ್ಲಿ ಅದು ಅತಿಯಾಯ್ತು, ಜನ ಚಪ್ಪಾಳೆ ಹೊಡೀತಾರೆ ಅಂತ ಗೊತ್ತಾದ ಮೇಲೆ ಕಲಾವಿದ ಒಂದು ಸುತ್ತು ಜಾಸ್ತಿ ಕುಣಿದ ಹಾಗೆ.

ಎರಡನೇದು ಸರ್ಕಾರಿ ಇನ್‌ಸ್ಪೆಕ್ಟರ್ ಕುರೊಸಾಕಿ. ಗಂಡಸು ಹೆಂಗಸರ ಥರ ಮಾತಾಡಿದ್ರೆ ಅದು ಅಸಹ್ಯ, ಭಯ ಹುಟ್ಟಿಸೋಂಥದ್ದು ಅನ್ನೋ ಥರ ಆ ಪಾತ್ರ ಕಟ್ಟಿದಾರೆ, ಜನ ನಕ್ಕಿದ್ದಾರೆ ಕೂಡ, ನನಗೆ ಹಿಡಿಸ್ಲಿಲ್ಲ. ಇದಕ್ಕಿಂತ ದೊಡ್ಡ ತಕರಾರು, ಆ ಪಾತ್ರ ಮಾಡ್ತಿರೋ ಕೆಲಸ ಸರಿಯಾದದ್ದು! ಇಸೆಶಿಮಾ ಹೋಟೆಲ್ ಅನ್ನೋ ಕಂಪನಿ ಷೇರು ಗಿರು ಅಂತ ಹೂಡಿ 1,200 ಕೋಟಿ ಯೆನ್ ಕಳ್ಕೊಂಡಿದೆ, ಅದಕ್ಕೆ ಬ್ಯಾಂಕಿನ ಸಾಲ ಇದೆ, ಆ ಸಾಲ ಒಳ್ಳೇದೋ ಕೆಟ್ಟದೋ ಅಂತ ಸರ್ಕಾರದ ಏಜೆನ್ಸಿ ಬಂದು ನೋಡತ್ತೆ. ಕೆಟ್ಟದು ಅಂತ ಬರೆದ್ರೆ ಬ್ಯಾಂಕು ಅಷ್ಟು ದುಡ್ಡು ತೆಗೆದಿಡಬೇಕು. ಆ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳದ ಹಾಗೆ ಬ್ಯಾಂಕಿನೋರು ಪೇಪರ್ ಬಚ್ಚಿಡ್ತಾರೆ, ಅದರಲ್ಲಿ ಹೀರೋನೂ ಸೇರಿದಾನೆ, ನಾವು ಉಸಿರು ಬಿಗಿ ಹಿಡಿದು ಸಿಕ್ಕದೇ ಇರ್ಲಪ್ಪಾ ಅಂತ ಬೇಡ್ಕೊಬೇಕು. ಯಾಕೆ ಸ್ವಾಮಿ? 90ರ ದಶಕವಿಡೀ ಜಪಾನಿನ ಬ್ಯಾಂಕುಗಳು ಸತ್ತ ಸಾಲಕ್ಕೆ ಹೊಸ ಸಾಲ ಕೊಟ್ಟು ಜೀವ ಇದೆ ಅಂತ ತೋರಿಸಿದ್ದರಿಂದಲೇ ಆ ದೇಶ ಅಷ್ಟು ವರ್ಷ ನರಳಿದ್ದು. ನಮ್ಮಲ್ಲಿ 2015ರಲ್ಲಿ ರಿಸರ್ವ್ ಬ್ಯಾಂಕು ಪುಸ್ತಕ ಬಿಚ್ಚಿ ನೋಡಿ ಅಂತ ಕೂತಾಗಲೇ ಎಷ್ಟು ಎನ್‌ಪಿಎ ಚಾಪೆ ಕೆಳಗಿತ್ತು ಅಂತ ಗೊತ್ತಾಗಿದ್ದು. ಇನ್‌ಸ್ಪೆಕ್ಷನ್ ಅಂದ್ರೆ ಬ್ರಾಂಚಲ್ಲಿ ಎಂಥಾ ತಲೆನೋವು ಅಂತ ನನಗೂ ಗೊತ್ತು, ಊಟ ತಿಂಡಿ ನೋಡ್ಕೊಂಡು ಕೂತಿದೀನಿ. ಆದ್ರೂ ಬರೆದೋರು ಇಲ್ಲಿ ಬ್ಯಾಂಕಿನೋರ ಕಡೆ ನಿಂತುಬಿಟ್ರು, ಹಳೇ ಉಪ್ಪಿನ ಋಣ ಇರ್ಬೇಕು.

ಹೆಂಗಸರ ವಿಷಯ ಹೇಳೋದೇ ಬೇಡ, ಮೊದಲನೇ ಭಾಗದಲ್ಲಿ ಹೀರೋ ಹೆಂಡತಿ ಹಾನಾ ಮನೇಲಿ ಅಡುಗೆ ಮಾಡ್ತಾ ಗಂಡನಿಗೆ ಧೈರ್ಯ ಹೇಳೋದು, ಬ್ಯಾಂಕ್ ಕ್ವಾರ್ಟರ್ಸಲ್ಲಿ ದೊಡ್ಡ ಆಫೀಸರ್ ಹೆಂಡತಿ ಮುಂದೆ ಚಿಕ್ಕ ಆಫೀಸರ್ ಹೆಂಡತಿ ತಗ್ಗಿ ಬಗ್ಗಿ ನಡೆಯೋದು. ಆ ಕೊನೇದು ನಿಜ, ನಮ್ಮ ಕ್ವಾರ್ಟರ್ಸಲ್ಲೂ ಇತ್ತು. ಬ್ಯಾಂಕಿನ ಒಳಗೆ ಅಧಿಕಾರ ಇರೋ ಹೆಂಗಸು ಮಾತ್ರ ಕಾಣ್ಲಿಲ್ಲ.

ಈಗ ಕ್ಲೈಮ್ಯಾಕ್ಸು. ನೋಡದೇ ಇರೋರು ಈ ಪ್ಯಾರಾ ಬಿಟ್ಟು ಮುಂದೆ ಓದಿ. ಹಂಜಾವಾನ ಅಪ್ಪನದು ಸ್ಕ್ರೂ ಮಾಡೋ ಸಣ್ಣ ಫ್ಯಾಕ್ಟರಿ ಇತ್ತು, ಬ್ಯಾಂಕು ಕಷ್ಟದ ಹೊತ್ತಲ್ಲಿ ಸಾಲ ಹಿಂದಕ್ಕೆಳೆದಿದ್ದಕ್ಕೆ ಅಪ್ಪ ನೇಣು ಹಾಕ್ಕೊಂಡ್ರು, ಆಗ ಬಂದಿದ್ದ ಬ್ಯಾಂಕಿನೋನೇ ಈಗಿನ ಡೈರೆಕ್ಟರ್ ಓವಾದಾ. ಮಗ ಅದೇ ಬ್ಯಾಂಕಿಗೆ ಸೇರಿ ಕೊನೆಗೆ ತುಂಬಿದ ಬೋರ್ಡ್ ರೂಮಲ್ಲಿ ಅವನನ್ನ ಮಂಡಿಯೂರಿಸ್ತಾನೆ. 2013ರ ಸೆಪ್ಟೆಂಬರ್ 22, ಅರ್ಧ ಜಪಾನು ಟೀವಿ ಮುಂದೆ. ಇನ್ನೇನು, ಹೀರೋಗೆ ದೊಡ್ಡ ಪ್ರಮೋಷನ್ನು, ವಿಲನ್ ಮನೆಗೆ, ಅಲ್ವಾ? ಅಧ್ಯಕ್ಷರು ಇಬ್ಬರನ್ನೂ ಕರೆಸ್ತಾರೆ. ಓವಾದಾನ ಕೆಲಸದಿಂದ ತೆಗೆಯಲ್ಲ, ಒಂದು ಮೆಟ್ಟಿಲು ಇಳಿಸಿ ಡೈರೆಕ್ಟರಾಗೇ ಉಳಿಸ್ಕೊಳ್ತಾರೆ. ಹಂಜಾವಾಗೆ ಟೋಕಿಯೋ ಸೆಂಟ್ರಲ್ ಸೆಕ್ಯುರಿಟೀಸ್ ಅನ್ನೋ ಅಂಗಸಂಸ್ಥೆಗೆ ಶುಕ್ಕೋ! ಹೀರೋ ಮುಖ ಪೂರ್ತಿ ಸ್ಕ್ರೀನಿಗೆ ಬರತ್ತೆ, ಅಷ್ಟೇ, ಸೀರಿಯಲ್ ಮುಗೀತು. ಆಮೇಲೆ ಏಳು ವರ್ಷ ಏನೂ ಇಲ್ಲ. ಜಪಾನಲ್ಲಿ ತುಂಬಾ ಜನ ಇದೇನು ಅನ್ಯಾಯ ಅಂತ ಸಿಟ್ಟಾದ್ರಂತೆ, ನನಗೆ ಮಾತ್ರ ಇದಕ್ಕಿಂತ ಸರಿಯಾದ ಕೊನೆ ಇರ್ಲಿಕ್ಕೆ ಸಾಧ್ಯ ಇಲ್ಲ ಅನ್ನಿಸ್ತು. ಆ ಅಧ್ಯಕ್ಷರ ಜಾಗದಲ್ಲಿ ಕೂತು ಯೋಚಿಸಿ. ಓವಾದಾನ ತೆಗೆದ್ರೆ ಅವನ ಗುಂಪೆಲ್ಲ ಶತ್ರು, ಉಳಿಸ್ಕೊಂಡ್ರೆ ಇಡೀ ಗುಂಪು ಋಣದಲ್ಲಿ. ಎಲ್ರ ಮುಂದೆ ಡೈರೆಕ್ಟರನ್ನ ಮಂಡಿಯೂರಿಸಿದ ಮನುಷ್ಯ ಎಷ್ಟೇ ಪ್ರಾಮಾಣಿಕ ಇದ್ರೂ ನಾಳೆ ನನ್ನನ್ನೂ ಮಂಡಿಯೂರಿಸ್ಬಹುದು. ಹೀರೋ ಗೆದ್ದಿದ್ದು ವಾದ, ಆರ್ಡರ್ ಟೈಪ್ ಮಾಡೋ ಮಿಷನ್ನು ಅವರ ಹತ್ರಾನೇ ಇತ್ತು.

ಎರಡನೇ ಭಾಗ ಏಪ್ರಿಲಲ್ಲಿ ಬರ್ಬೇಕಿತ್ತು, ಕೊರೊನಾದಿಂದ ತಡ ಆಗಿ 2020ರ ಜುಲೈಗೆ ಬಂತು, ಕೊನೇ ಎಪಿಸೋಡಿಗೆ ಶೇ 32.7. ಮೊದಲರ್ಧ ಐಟಿ ಕಂಪನಿಗಳ ಖರೀದಿ ಜಗಳ, ಸೆಕ್ಯುರಿಟೀಸ್ ಕಂಪನಿಗೆ ಬಂದ ಗಿರಾಕೀನ ಅದರ ತಾಯಿ ಬ್ಯಾಂಕೇ ಕಿತ್ಕೊಳ್ಳತ್ತೆ, ಇದೂ ಚೆನ್ನಾಗಿದೆ. ಉಳಿದರ್ಧ ತೆಯಿಕೊಕು ಅನ್ನೋ ಮುಳುಗ್ತಿರೋ ವಿಮಾನ ಕಂಪನಿ, ಮಂತ್ರಿಗಳು ಒಂದು ಟಾಸ್ಕ್ ಫೋರ್ಸ್ ಮಾಡಿ 5,000 ಕೋಟಿ ಯೆನ್ ಸಾಲ ಮನ್ನಾ ಮಾಡಿ ಅಂತ ಬ್ಯಾಂಕಿನ ಕುತ್ತಿಗೆಗೆ ಕೂರ್ತಾರೆ. 2009ರಲ್ಲಿ ಜಪಾನ್ ಏರ್‌ಲೈನ್ಸಿಗೆ ಸರ್ಕಾರ ನಿಜವಾಗಲೂ ಟಾಸ್ಕ್ ಫೋರ್ಸ್ ಮಾಡಿತ್ತು, 2010ರ ಜನವರೀಲಿ ಆ ಕಂಪನಿ ದಿವಾಳಿ ಅಂತ ಕೋರ್ಟಿಗೆ ಹೋಯ್ತು, ಇನಾಮೊರಿ ಕಜುಓ ಅನ್ನೋ ಹಿರಿಯ ಉದ್ಯಮಿ ಬಂದು ಎತ್ತಿ ನಿಲ್ಲಿಸಿದ ಮೇಲೆ 2012ರಲ್ಲಿ ಮತ್ತೆ ಷೇರು ಮಾರ್ಕೆಟ್ಟಿಗೆ ಬಂತು. ಸೀರಿಯಲ್ಲಲ್ಲಿ ರಾಜಕಾರಣಿಗಳು ಬಂದ ಮೇಲೆ ಕತೆ ಸ್ವಲ್ಪ ಸುಲಭ ಆಗಿಬಿಟ್ಟಿತು ಅನ್ನಿಸ್ತು, ರಾಜಕಾರಣೀನ ಕೆಟ್ಟವನು ಅಂತ ತೋರಿಸೋಕೆ ಕಷ್ಟಪಡಬೇಕಿಲ್ಲವಲ್ಲ.

ಇನ್ನು ನಿಮಗೆ ಹೇಳ್ಬೇಕಾಗಿರೋದು. ಅಮ್ಮೆಂಬಳ ಸುಬ್ಬರಾವ್ ಪೈ, ಹಾಜಿ ಅಬ್ದುಲ್ಲಾ, ಟಿ.ಎಂ.ಎ. ಪೈ ಇವರೆಲ್ಲ ಬ್ಯಾಂಕ್ ಕಟ್ಟಿದ ನೆಲ ಇದು, ದಿನಕ್ಕೆ ಒಂದೆರಡಾಣೆ ಕಲೆಕ್ಟ್ ಮಾಡೋ ಪಿಗ್ಮಿ ಡೆಪಾಸಿಟ್ 1928ರಲ್ಲಿ ಸಿಂಡಿಕೇಟಿನೋರು ಶುರು ಮಾಡಿದ್ದು. ಕರಾವಳೀಲಿ ಮಲೆನಾಡಲ್ಲಿ ಮನೆಗೊಬ್ರು ಬ್ಯಾಂಕಿನೋರು ಇದ್ದ ಕಾಲ ಇತ್ತು. ಅಷ್ಟಿದ್ದೂ ಕನ್ನಡದ ಚಾನೆಲ್ಲುಗಳಲ್ಲಿ ಬ್ಯಾಂಕಿನ ಒಳಗಿನ ಸೀರಿಯಲ್ ಒಂದು ನಾನಂತೂ ಕಂಡಿಲ್ಲ. ಸೀರಿಯಲ್ಲಲ್ಲಿ ಹೀರೋ ಬಿಸಿನೆಸ್ ಮ್ಯಾನ್ ಅಂತಾರೆ, ಏನು ಬಿಸಿನೆಸ್ಸು ಅಂತ ನೂರು ಎಪಿಸೋಡ್ ಆದ್ರೂ ಗೊತ್ತಾಗಲ್ಲ, ಕೋಟು ಹಾಕ್ಕೊಂಡು ಲ್ಯಾಪ್‌ಟಾಪ್ ಮುಚ್ತಾನೆ ತೆಗೀತಾನೆ ಅಷ್ಟೇ. ಸೀರಿಯಲ್ ಬರೆಯೋರಿಗೆ ಬ್ಯಾಂಕ್ ಗೊತ್ತಿಲ್ಲ, ಬ್ಯಾಂಕ್ ಗೊತ್ತಿರೋರು ಪೆನ್ಷನ್ ತಗೊಂಡು ವಾಕಿಂಗ್ ಹೋಗ್ತಿದಾರೆ. ನಿಮ್ಮ ಪುರವಣೀಲಿ ಒಂದು ಕಾಲಂ ಇಡಿ, ಹಳೇ ಬ್ಯಾಂಕಿನೋರು ಹೆಸರು ಹಾಕದೆ ಬರೀಲಿ, ಯಾವ ಫೈಲಿಗೆ ಯಾರು ಹೇಗೆ ಸಹಿ ಹಾಕಿಸ್ಕೊಂಡ್ರು, ಯಾವ ಆರ್ಡರ್ ಯಾವ ಶನಿವಾರ ಸಂಜೆ ಬಂತು ಅಂತ. ಸೀರಿಯಲ್ ಮಾಡೋರಿಗೆ ಕತೆಗೆ ಬರಗಾಲ ಇರಲ್ಲ. ಮೊದಲನೇ ಕಂತು ನಾನೇ ಬರ್ಕೊಡ್ತೀನಿ, ಈ ಪತ್ರ ಹಾಕಿದ್ರೆ ಪತ್ರದ ಕೆಳಗೆ ನನ್ನ ಹೆಸರೂ ಹಾಕ್ಬೇಡಿ, ಪೆನ್ಷನ್ ಬರೋದು ಇನ್ನೂ ಅಲ್ಲಿಂದಲೇ.

ಇತಿ,
ಸಾಗರ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಆಫೀಸರ್